ಕುಂಟ ಹಂಸದ ಕೊನೆಯ ಪೀಪಾಯಿ

“ಈ ಊರಲ್ಲಿ ಜೀವ ಇರೋ ಬಿಯರು ಇನ್ನೂ ಎಲ್ಲಾದ್ರೂ ಉಳ್ಕೊಂಡಿದ್ಯಾ?”

ಅಣ್ಣ ಆಬ್ನರ್ ಇದನ್ನು ಕೇಳಿದ್ದು ನನ್ನನ್ನಲ್ಲ. ಅವನ ಮುಖ ಕಿಟಕಿಯ ಕಡೆಗಿತ್ತು. ಅಲ್ಲಿ ಎದುರುಸಾಲಿನ ಮನೆಗಳ ಒದ್ದೆ ಚಾವಣಿ, ಅದರಾಚೆ ಹೊಗೆ ನಿಂತುಹೋದ ಮೂರು ಚಿಮಣಿ, ಅಷ್ಟೆ. ನಾನು ಹಾಸಿಗೆಯ ಕಾಲ ಬಳಿ ಸಾರಿನ ಬಟ್ಟಲು ಹಿಡಿದು ಕೂತಿದ್ದೆ. ಕೇಳಿಸದವಳಂತೆ ಚಮಚ ಒರೆಸಿದೆ.

ನಮ್ಮ ಮನೆಯಲ್ಲಿ ಆ ಮಾತು ಆಡುವ ರೂಢಿ ಇರಲಿಲ್ಲ. ಏಳು ವರ್ಷದವಳಿದ್ದಾಗ ಬಿಳಿ ಫ್ರಾಕು ತೊಟ್ಟು ಚಾಪೆಲ್ಲಿನ ಮೆಟ್ಟಿಲ ಮೇಲೆ ನಿಂತು ನಾನು ಪದ್ಯ ಒಪ್ಪಿಸಿದ್ದೆ:

ದ್ರಾಕ್ಷಿಯ ಕೆಂಪು ನನಗೆ ಬೇಡ, ಬಾರ್ಲಿಯ ಹೊನ್ನು ಬೇಡ,
ಬೆಟ್ಟದ ತೊರೆಯ ತಿಳಿನೀರಿರಲು, ಕರ್ತನೆ, ಬೇರೆ ಬೇಡ.

ಆಮೇಲೆ ಮದ್ಯ ಮುಟ್ಟುವುದಿಲ್ಲವೆಂಬ ಚಾಪೆಲ್ಲಿನ ಆಣೆಯ ಚೀಟಿಯ ಮೇಲೆ ಹೆಸರು ಬರೆದೆ. ನನಗಿಂತ ಎರಡು ವರ್ಷ ದೊಡ್ಡವನಾದ ಆಬ್ನರನೂ ಬರೆದ, ನನಗಿಂತ ದುಂಡಾಗಿ. ಹದಿನೈದಕ್ಕೆ ಅವನು ಚಾಕು ಮಸೆಯುವ ಸಾಣೆಗೆ ಕೂತ. ಆ ಕಲ್ಲಿನ ಧೂಳು ಗಂಟಲಲ್ಲಿ ಕೂತರೆ ನೀರಿಗೆ ಇಳಿಯುವುದಿಲ್ಲ. ಶೆಫೀಲ್ಡಿನ ಸಾಣೆಯವರೆಲ್ಲ ಕುಡಿಯುತ್ತಿದ್ದರು, ಅವನೂ ಕುಡಿದ. ಅಪ್ಪ ಸಾಯುವವರೆಗೂ ಅವನೊಂದಿಗೆ ಮಾತಾಡಲಿಲ್ಲ. ಅಪ್ಪ ಹೋದ ಮೇಲೆ ಮದುವೆಯಿಲ್ಲದ ನಾವಿಬ್ಬರೇ ಮನೆಯಲ್ಲಿ ಉಳಿದೆವು. ಶನಿವಾರ ಅವನು ಹೊರಗೆ ಹೋಗುವನು, ಹಿತ್ತಲ ಬಾಗಿಲಿಂದ ಒಳಗೆ ಬರುವನು, ಬಾಯಲ್ಲಿ ಪೆಪ್ಪರ್‌ಮಿಂಟು ಇರುವುದು. “ಬಡಿಸ್ಲಾ?” ಎನ್ನುವೆ. “ಬಡಿಸು” ಎನ್ನುವನು. ಪೆಪ್ಪರ್‌ಮಿಂಟು ಅವನ ಮರ್ಯಾದೆ, ಕೇಳದಿರುವುದು ನನ್ನ ಮರ್ಯಾದೆ. ಹೀಗೆ ಇಪ್ಪತ್ತಾರು ವರ್ಷ ನಡೆಯಿತು.

ಈಗ ಸಾವಿರದ ಒಂಬೈನೂರ ಎಪ್ಪತ್ತಮೂರರ ಮಾರ್ಚ್. ಅವನ ಪುಪ್ಪುಸ ಕಲ್ಲಾಗಿತ್ತು. ಡಾಕ್ಟರು ಒಂದು ವಾರ ಎಂದಿದ್ದರು. ಎರಡು ವರ್ಷದಿಂದ ಮೆಟ್ಟಿಲು ಇಳಿಯದವನು ಕಿಟಕಿಗೆ ಪ್ರಶ್ನೆ ಕೇಳುತ್ತಿದ್ದ.

“ಯಾವ ಬಿಯರು?” ಎಂದೆ.

ಮೂಲೆಯ ಬೀರುವೇ ಮಾತಾಡಿತೇನೋ ಎಂಬಂತೆ ಅವನು ತಿರುಗಿದ. “ಏನಂದೆ?”

“ಯಾವ ಬಿಯರು ಅಂತ ಕೇಳ್ದೆ.”

“ನೀನಾ ಕೇಳ್ತಿರೋದು, ತಿರ್ಜಾ? ಅಪ್ಪ ಗೋರಿಲಿ ಮಗ್ಗುಲು ಬದಲಾಯಿಸ್ತಾನೆ ಕಣೇ.”

“ಬದಲಾಯಿಸ್ಲಿ ಬಿಡು. ಒಂದೇ ಮಗ್ಗುಲಲ್ಲಿ ಮಲಗಿ ಅವನಿಗೂ ಸಾಕಾಗಿರತ್ತೆ.”

ಅವನು ನಕ್ಕ, ಕೆಮ್ಮಿದ, ಆಮೇಲೆ ಒಂದೊಂದೇ ಮಾತು ಜೋಡಿಸಿ ಹೇಳಿದ. ನದಿ ದಂಡೆಯ ಬ್ರೂವರಿಯ ಕಪ್ಪು ಮೈಲ್ಡ್, ಕಹಿ ಕಡಿಮೆಯ ಬಿಯರು. ಅದು ಪೀಪಾಯಿಯೊಳಗೆ ಕೂತೂ ಹುಳಿಯುತ್ತಾ, ಉಸಿರಾಡುತ್ತಾ ಇರಬೇಕು. ಅದನ್ನು ಕೈಪಂಪಿನಿಂದ ಎಳೆದು ಕೊಡಬೇಕು. “ಬಾರಿನ ಮೇಲೆ ಉದ್ದ ಹಿಡಿ ಇರತ್ತೆ, ಅದನ್ನ ನೋಡು. ಗ್ಯಾಸು ತುಂಬಿ ಗುಂಡಿ ಒತ್ತಿ ಕೊಡ್ತಾರಲ್ಲ, ಅದು ಬೇಡ. ಹೆಣಕ್ಕೆ ಪೌಡರು ಹಚ್ಚಿದ ಹಾಗಿರತ್ತೆ. ಒಂದು ಗುಟುಕು ಸಾಕು ನಂಗೆ.”

“ನೀನು ಹೋಗ್ತಿದ್ದ ಜಾಗ ಯಾವ್ದು?”

“ಕುಂಟ ಹಂಸ. ಅಲ್ಲಿಗೆ ಮಾತ್ರ ಹೋಗ್ಬೇಡ. ಅಲ್ಲಿನ ಯಜಮಾನ ಹೊರೇಸನ ಹೆಂಡ್ತಿ ತೀರ್ಕೊಂಡ್ಲು ಅಂತ ಪೇಪರಲ್ಲಿ ನೀನೇ ಓದಿದ್ಯಲ್ಲ. ಸಾವಿನ ಮನೆಗೆ ಹೋಗಿ ಬಿಯರು ಕೇಳೋರುಂಟಾ?”

ಮಾರನೆಯ ದಿನ, ಮಂಗಳವಾರ, ಭಾನುವಾರದ ಹ್ಯಾಟು ಹಾಕಿಕೊಂಡು ಹೊರಟೆ. ಅರವತ್ತೆರಡು ವರ್ಷಕ್ಕೆ ಮೊದಲ ಬಾರಿ ಪಬ್ಬಿನ ಹೊಸಿಲಲ್ಲಿ ನಿಂತಾಗ ಕಾಲು ಮುಂದೆ ಹೋಗಲಿಲ್ಲ. ಒಳಗಿನಿಂದ ಒಬ್ಬ, “ಏನಕ್ಕಾ, ನೀವು ಒಳಗೆ ಬರ್ತೀರೋ, ಬರೀ ಚಳೀನ ಕಳಿಸ್ತೀರೋ?” ಎಂದ. ಹೋದೆ.

ಕೈಪಂಪು ಇರಲಿಲ್ಲ. ಬಾರಿನ ಉದ್ದಕ್ಕೂ ಗುಂಡಿ ಒತ್ತುವ ಪ್ಲಾಸ್ಟಿಕ್ಕಿನ ಪುಟ್ಟ ಪೆಟ್ಟಿಗೆಗಳು, ಅವುಗಳ ಹೊಟ್ಟೆಯಲ್ಲಿ ಬಲ್ಬು. ಎರಡನೆಯದರಲ್ಲೂ ಹಾಗೆಯೇ. ಮೂರನೆಯದರಲ್ಲಿ ಬಾರಿನವನು, “ಕೈಪಂಪಾ? ಫೈರ್ ಎಂಜಿನ್ ಆಫೀಸು ಎರಡು ಬೀದಿ ಆಚೆ ಇದೆ ಅಜ್ಜಿ” ಎಂದು ಎಲ್ಲರನ್ನೂ ನಗಿಸಿದ. ನಾಲ್ಕನೆಯದರಲ್ಲಿ ನನ್ನ ಹ್ಯಾಟು ನೋಡಿ, ಪಬ್ಬುಗಳಲ್ಲಿ ಧರ್ಮದ ಪತ್ರಿಕೆ ಮಾರುವ ಸಾಲ್ವೇಷನ್ ಆರ್ಮಿಯವಳೆಂದುಕೊಂಡ ಒಬ್ಬ ಮುದುಕ ಅಂಗೈಗೆ ನಾಣ್ಯ ಹಾಕಿ, “ಪೇಪರು ಬೇಡ, ನನ್ನ ಹೆಸರಲ್ಲಿ ಒಂದು ಪ್ರಾರ್ಥನೆ ಮಾಡಿಬಿಡಿ ಸಾಕು” ಎಂದ. ಹೆಸರು ಕೇಳಿದೆ. ಪರ್ಸಿ ಎಂದ. ಪ್ರಾರ್ಥನೆ ಮಾಡಿದೆ, ನಾಣ್ಯ ಮರಳಿ ಕೊಟ್ಟೆ. ವಿಕರ್ ಬೀದಿಯ ಕೊನೆಯಲ್ಲೊಂದು ಕಡೆ ಹಿಡಿ ಕಂಡಿತು, ಉದ್ದನೆಯದು, ಬಿಳಿ ಪಿಂಗಾಣಿಯದು. ಹತ್ತಿರ ಹೋದರೆ ಅದಕ್ಕೆ ಪಾತ್ರೆ ಒರೆಸುವ ಬಟ್ಟೆ ನೇತುಹಾಕಿದ್ದರು. ಕೆಳಗೆ ಕೊಳವೆ ಇರಲಿಲ್ಲ.

ಅಂದು ಹನ್ನೊಂದು ಪಬ್ಬು ಸುತ್ತಿದೆ. ಮನೆಗೆ ಬಂದಾಗ ನನ್ನ ಕೋಟಿನಲ್ಲಿ ಸಿಗರೇಟಿನ ವಾಸನೆ. ಆಬ್ನರ್ ಮೂಸಿ, “ಎಲ್ಲಿ ಅಲೀತಿದ್ದೆಯೇ? ಬಾಯಿಗೆ ಪೆಪ್ಪರ್‌ಮಿಂಟು ಹಾಕ್ಕೊಂಡು ಬರ್ಬಾರ್ದಿತ್ತಾ?” ಎಂದ. ನಮ್ಮಿಬ್ಬರ ನಡುವೆ ಆ ಮಾತು ಹೊರಬಿದ್ದದ್ದು ಅದೇ ಮೊದಲು.

ಬುಧವಾರ ನೀಪ್ಸೆಂಡಿನ ಗ್ಯಾಸ್ ಕಾರ್ಖಾನೆಯ ಹಿಂದೆ, ‘ಕುರುಡು ಕೊಳಲುಗಾರ’ ಎಂಬ ಪಬ್ಬಿನಲ್ಲಿ ಸಿಕ್ಕಿತು. ಎರಡು ಹಿಡಿ ಇದ್ದವು, ಎರಡೂ ಕೈತಾಗಿ ಸವೆದಿದ್ದವು. ಬಾರಿನ ಹಿಂದೆ ಮೇವಿಸ್ ಎಂಬ ದಪ್ಪ ತೋಳಿನ ಹೆಂಗಸು.

“ಕಪ್ಪು ಮೈಲ್ಡ್ ಇದ್ಯಾ?”

“ಇದೆ ತಾಯಿ. ನಿಮಗಾ?”

“ನಮ್ಮಣ್ಣನಿಗೆ. ಹಾಸಿಗೆ ಹಿಡಿದಿದ್ದಾನೆ.”

ಚೀಲದಿಂದ ಫ್ಲಾಸ್ಕು ತೆಗೆದು ಮುಂದಿಟ್ಟೆ. ಅವಳು ಅದನ್ನು ನೋಡಿ ಏನೋ ಹೇಳಲು ಬಾಯಿ ತೆರೆದಳು, ನನ್ನ ಹ್ಯಾಟು ನೋಡಿ ಮುಚ್ಚಿಕೊಂಡಳು. ನಿಧಾನವಾಗಿ ಎಳೆದಳು. ಲೋಟದಲ್ಲಿ ಕೆಳಗಿನಿಂದ ಮೇಲಕ್ಕೆ ಕಪ್ಪು ತಿಳಿಯಾಗುತ್ತಾ ಹೋಯಿತು, ಮೇಲೆ ಕೆನೆಯಂತಹ ದಪ್ಪ ನೊರೆ. ಇಷ್ಟು ಚೆಂದದ ವಸ್ತುವಿನ ವಿರುದ್ಧ ನಾನು ಪದ್ಯ ಒಪ್ಪಿಸಿದ್ದೆನೇ ಎನಿಸಿತು. “ನೊರೆ ಬೇಡ, ತೆಗೆದ್ಬಿಡಿ” ಎಂದೆ. ಫ್ಲಾಸ್ಕಿನ ಬಿರಡೆ ಬಿಗಿಮಾಡಿ, ಉಣ್ಣೆಯ ಶಾಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವನ್ನು ಹಿಡಿದಂತೆ ಮಡಿಲಲ್ಲಿಟ್ಟುಕೊಂಡು ಬಂದೆ.

ಅಮ್ಮನ ಗಾಜಿನ ಲೋಟಕ್ಕೆ ಸುರಿದು ಅವನ ತಲೆ ಎತ್ತಿ ಹಿಡಿದೆ. ಒಂದು ಗುಟುಕು ತೆಗೆದುಕೊಂಡ. ಕಣ್ಣು ಮುಚ್ಚಿದ. ನಾನು ಪರದೆ ಸರಿಸಲು ತಿರುಗಿದಾಗ ಹಿಂದೆ ಬೇಸಿನ್ನಿನಲ್ಲಿ ಸಣ್ಣ ಸದ್ದಾಯಿತು.

“ಹೆಂಗಿದೆ?”

“ಚೆನ್ನಾಗಿದೆ.”

ಬೇಸಿನ್ನಿನಲ್ಲಿ ಕಂದು ನೀರಿತ್ತು. “ಸುಳ್ಳು ಹೇಳ್ಬೇಡ” ಎಂದೆ.

ಅವನು ಲೋಟದ ಹೊರಮೈ ಮುಟ್ಟಿ ನೋಡಿ, “ತಿರ್ಜಾ, ಹೋಗೋಕೆ ಮುಂಚೆ ಫ್ಲಾಸ್ಕಿಗೆ ಬಿಸಿನೀರು ಹಾಕಿಟ್ಟಿದ್ಯಾ?” ಎಂದು ಕೇಳಿದ.

“ಹಾಕಿದ್ದೆ. ಆಮೇಲೆ ಚೆಲ್ದೆ. ಪಾತ್ರೆ ಬಿಸಿ ಮಾಡ್ದೆ ಯಾರಾದ್ರೂ ಏನಾದ್ರೂ ಹುಯ್ತಾರಾ?”

“ಅಯ್ಯೋ ದೇವರೇ,” ಎಂದು ಅವನು ನಗತೊಡಗಿದ. “ಟೀ ಪಾಟು! ಟೀ ಪಾಟು ಅಂದ್ಕೊಂಡ್ಯೇನೇ! ಪಾಪದ ಬಿಯರು, ಕಾಯಿಲೆಯವರ ಸೂಪಿನ ಹಾಗೆ ಬೆಚ್ಚಗೆ ಶಾಲು ಹೊದ್ಕೊಂಡು ಬಂದಿದೆ!” ನಗು ಕೆಮ್ಮಾಯಿತು, ಕೆಮ್ಮಿನಲ್ಲಿ ರಕ್ತದ ಎಳೆ ಬಂತು. ಬಾಯಿ ಒರೆಸುವಾಗ ಅವನು ನಗುತ್ತಿಲ್ಲವೆಂದು ತಿಳಿಯಿತು. ಅಮ್ಮ ಸತ್ತಾಗಲೂ ನನ್ನೆದುರು ಅಳದವನು.

“ಬೇಜಾರು ಮಾಡ್ಕೋಬೇಡ. ಬಣ್ಣ ನೋಡಿದ್ನಲ್ಲ. ಸಾಕು.”

“ನಾಳೆ ಮತ್ತೆ ಹೋಗ್ತೀನಿ. ಹೆಂಗೆ ತರ್ಬೇಕು ಅದು ಹೇಳು.”

ಹೂಜಿ ತಗೊಂಡು ಹೋಗು ಎಂದ. ಸೋಪು ತಾಗಿಸಬೇಡ, ತಣ್ಣೀರಲ್ಲಿ ಅದ್ದು, ಒದ್ದೆ ಬಟ್ಟೆ ಸುತ್ತು, ನೊರೆ ಇರಲಿ, ಅದೇ ಮುಚ್ಚಳ. ಕುಲುಕದ ಹಾಗೆ ನಡೆ. ಕಾನೂನು ಕಲಿಸುವ ಮೋಶೆಯಂತೆ ಬೆರಳೆತ್ತಿ ಹೇಳುತ್ತಿದ್ದವನು ನಡುವೆಯೇ ನಿದ್ದೆ ಹೋದ. ನಾನು ಅಡುಗೆಮನೆಗೆ ಹೋಗಿ ಫ್ಲಾಸ್ಕನ್ನು ತೊಳೆದೆ, ಮತ್ತೆ ತೊಳೆದೆ. ಅದರಲ್ಲಿ ಹತ್ತು ವರ್ಷದ ಟೀ ವಾಸನೆಯಿತ್ತು. ನನಗೆ ಅದು ಅಲ್ಲಿಯವರೆಗೆ ತಿಳಿದೇ ಇರಲಿಲ್ಲ.

ಗುರುವಾರ ಬೆಳಗ್ಗೆ ಬಂದ ನರ್ಸು ನನ್ನನ್ನು ಮೆಟ್ಟಿಲ ಬಳಿ ಕರೆದು, “ಇವತ್ತು, ಹೆಚ್ಚಂದ್ರೆ ನಾಳೆ” ಎಂದಳು. ಗುಟುಕು ಇಳಿಯುತ್ತದೆಯೇ ಎಂದು ಕೇಳಿದೆ. ತುಟಿ ಒದ್ದೆ ಮಾಡುವಷ್ಟು ಇಳಿಯುತ್ತದೆ ಎಂದಳು. ಮೂರು ಗಂಟೆಯವರೆಗೆ ತಾನು ಕೂತಿರುವುದಾಗಿ ಒಪ್ಪಿದಳು. ಅಮ್ಮನ ಕಲ್ಲುಹೂಜಿ ಹಿಡಿದು ಹೊರಟೆ.

‘ಕುರುಡು ಕೊಳಲುಗಾರ’ದ ಬಾಗಿಲು ತೆರೆಯುವ ಮೊದಲೇ ಅಲ್ಲಿದ್ದೆ. ಒಳಗೆ ಹೋದಾಗ ಪಂಪಿನ ಮೇಲಿನ ಹೆಸರಿನ ಬಿಲ್ಲೆ ಹಿಂದುಮುಂದಾಗಿ ತಿರುಗಿತ್ತು. ಅದರ ಅರ್ಥ ಎರಡು ದಿನದಲ್ಲಿ ನಾನೂ ಕಲಿತಿದ್ದೆ.

“ಮುಗೀತು ತಾಯಿ,” ಎಂದಳು ಮೇವಿಸ್. “ನಿನ್ನೆ ನಿಮಗೆ ಕೊಟ್ಟದ್ದೇ ಕೊನೇದು. ಅದಾದ ಮೇಲೆ ಬರೀ ಗಸಿ ಬಂತು.”

“ಮತ್ತೆ ಯಾವಾಗ ಬರತ್ತೆ?”

“ಬರಲ್ಲ. ಬ್ರೂವರಿಯೋರು ಮೈಲ್ಡ್ ಮಾಡೋದು ನಿಲ್ಸಿ ತಿಂಗಳಾಯ್ತು. ದೊಡ್ಡೋರು ಕೊಂಡ್ಕೊಂಡಿದ್ದಾರಂತೆ, ಇನ್ಮೇಲೆ ಎಲ್ಲ ಗ್ಯಾಸಿಂದೇ.” ನನ್ನ ಮುಖ ನೋಡಿ ಅವಳ ದನಿ ಇಳಿಯಿತು. “ಯಾಕೆ? ನಿನ್ನೆದು ಅವರಿಗೆ ಹಿಡಿಸ್ಲಿಲ್ವಾ?”

ಬಿಸಿ ಮಾಡಿದ ಫ್ಲಾಸ್ಕಿನ ಸಂಗತಿ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಬಾರಿನ ಮೇಲೆ ಅಂಗೈಯೂರಿ ತಲೆ ತಗ್ಗಿಸಿದಳು. “ನಾನು ಹೇಳ್ಬೇಕಿತ್ತು. ಬಾಯಿಗೆ ಬಂದಿತ್ತು. ಚಾಪೆಲ್ಲಿನೋರು, ಎಲ್ಲಿ ತಪ್ಪು ತಿಳೀತೀರೋ ಅಂತ ಸುಮ್ನಾದೆ.”

ಊರಿಗೆಲ್ಲ ಉಳಿದಿದ್ದ ಒಂದು ಲೋಟವನ್ನು ನಾನು ಶಾಲಿನಲ್ಲಿ ಸುತ್ತಿ ಕೊಂದಿದ್ದೆ. ಹೊರಡಲು ತಿರುಗಿದಾಗ ಅವಳು ಹಿಂದಿನಿಂದ ಕರೆದಳು.

“ಒಂದೇ ಒಂದು ಪೀಪಾಯಿ ಇದೆ ಅಂತ ಬ್ರೂವರಿ ಗಾಡಿಯೋನು ಹೇಳ್ತಿದ್ದ. ವಾಕ್ಲಿ ಏರಿನಲ್ಲಿ, ಕುಂಟ ಹಂಸದಲ್ಲಿ. ಆದ್ರೆ ಹೊರೇಸ್ ರೆವಿಟ್ ಅದನ್ನ ಇನ್ನೂ ತೆಗೆದೇ ಇಲ್ವಂತೆ. ಕೇಳಿದೋರಿಗೆಲ್ಲ ಇಲ್ಲ ಅಂತಾನಂತೆ.”

ವಾಕ್ಲಿ ಏರು ಹತ್ತುವಾಗ ನನ್ನ ಬಾಯಲ್ಲಿ ಪ್ರಾರ್ಥನೆ ಕೂಡಲಿಲ್ಲ. ಹಸಿದವರಿಗೆ ರೊಟ್ಟಿ ಕೇಳಿ ಗೊತ್ತು, ಹೋದವರಿಗೆ ಶಾಂತಿ ಕೇಳಿ ಗೊತ್ತು. ಬಿಯರು ಹೇಗೆ ಕೇಳುವುದು, ಅದೂ ಅಣ್ಣ ಬೇಡವೆಂದ ಮನೆಯಿಂದ? ಕಲ್ಲು ಹಾಸಿದ ಬೀದಿ ಜಾರುತ್ತಿತ್ತು. ಖಾಲಿ ಹೂಜಿಯನ್ನೂ ಕುಲುಕದ ಹಾಗೆ ಹಿಡಿದು ನಡೆದೆ.

ಕುಂಟ ಹಂಸದಲ್ಲಿ ಮೂವರು ಮುದುಕರು ಡಾಮಿನೋ ಆಡುತ್ತಿದ್ದರು. ಬಾರಿನ ಹಿಂದೆ ತೆಳ್ಳನೆಯ, ಕಪ್ಪು ಟೈ ಕಟ್ಟಿದ ಮನುಷ್ಯ ಒಣಗಿದ ಲೋಟವನ್ನೇ ಒರೆಸುತ್ತಿದ್ದ. ಪಂಪಿನ ಬಿಲ್ಲೆ ತಿರುಗಿತ್ತು.

“ಮಿಸ್ಟರ್ ರೆವಿಟ್, ನಾನು ಆಬ್ನರ್ ಸ್ಟ್ಯಾನಿಫರ್ತನ ತಂಗಿ.”

ಡಾಮಿನೋ ನಿಂತಿತು. ಮೂವರಲ್ಲಿ ಒಬ್ಬ ಟೋಪಿ ತೆಗೆದ. “ಆಬ್ನರ್‌ಗೆ ತಂಗಿ ಇದಾಳಾ? ಹೆಂಗಿದಾನಮ್ಮಾ ನಮ್ಮ ಹಾಡುಗಾರ?”

“ಯಾರು?”

“ಅದೇ, ನಿಮ್ಮಣ್ಣ. ಕ್ರಿಸ್‌ಮಸ್ ಬಂದ್ರೆ ಮಧ್ಯಾಹ್ನ ಇಲ್ಲೆಲ್ಲ ನಿಲ್ಲೋಕೆ ಜಾಗ ಇರ್ತಿರ್ಲಿಲ್ಲ. ಚಾಪೆಲ್ಲಿನೋರು ಬೇಡ ಅಂತ ಹೊರಗೆ ಹಾಕಿದ ಹಳೇ ಕ್ರಿಸ್‌ಮಸ್ ಹಾಡುಗಳೆಲ್ಲ ಇಲ್ಲೇ ಅಲ್ವಾ ಉಳ್ದಿರೋದು? ಮೊದಲ ಸಾಲು ಎತ್ತೋನು ಅವ್ನೇ. ಅವ್ನು ಎತ್ತೋವರೆಗೂ ಯಾರೂ ಬಾಯಿ ಬಿಡ್ತಿರ್ಲಿಲ್ಲ.”

ನಾನು ಆ ಮುದುಕನ ಬಾಯನ್ನೇ ನೋಡಿದೆ. ಅರವತ್ತು ವರ್ಷದಿಂದ ಒಂದೇ ಚಾವಣಿಯ ಕೆಳಗೆ ಇದ್ದೇವೆ. ನಾನು ಪಾತ್ರೆ ತೊಳೆಯುತ್ತಾ ಸ್ತೋತ್ರ ಹೇಳಿಕೊಂಡರೆ ಅವನು ಪತ್ರಿಕೆ ಮಡಚಿ ಎದ್ದು ಹೋಗುತ್ತಿದ್ದ. ಹಾಡು ಅವನಿಗೆ ಆಗದು ಎಂದುಕೊಂಡು ಎಷ್ಟೋ ಸಲ ನಡುವೆಯೇ ನಿಲ್ಲಿಸಿದ್ದೇನೆ. ಕ್ರಿಸ್‌ಮಸ್ ಮಧ್ಯಾಹ್ನ ಬಾತುಕೋಳಿ ಆರುತ್ತಿದೆ ಎಂದು ಗೊಣಗುತ್ತಾ ಕೂತಿದ್ದಾಗ, ಮೈಲಿ ದೂರದಲ್ಲಿ ಅವನು ನಿಂತು ಅದೇ ಕರ್ತನ ಹುಟ್ಟನ್ನು ಹಾಡುತ್ತಿದ್ದ. ಕಿವಿಗೊಟ್ಟು ಕೇಳುವುದೇ ನನಗೆ ದೇವರು ಕೊಟ್ಟ ಒಂದೇ ವರ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಅವನ ಹಾಡನ್ನು ಒಂದು ಸಲವೂ ಕೇಳಲಿಲ್ಲ.

“ಸಾಯ್ತಿದ್ದಾನೆ,” ಎಂದೆ. “ಇವತ್ತೋ ನಾಳೆಯೋ. ಮೈಲ್ಡ್ ಒಂದು ಗುಟುಕು ಬೇಕಂತೆ.”

ಹೊರೇಸ್ ಒರೆಸುವ ಬಟ್ಟೆ ಕೆಳಗಿಟ್ಟು, “ಬನ್ನಿ” ಎಂದ.

ನೆಲಮಾಳಿಗೆಗೆ ಇಳಿಯುವ ಕಲ್ಲಿನ ಮೆಟ್ಟಿಲು ಕಿರಿದು. ಕೆಳಗೆ ಸುಣ್ಣ ಬಳಿದ ಗೋಡೆ, ಕಾಲಡಿಗೆ ಇಳಿಯುವ ತಂಪು. ಚಾಪೆಲ್ಲಿನಲ್ಲಿ ಎಲ್ಲರೂ ಹೋದ ಮೇಲೆ ಇರುವಂತಹ ತಂಪು. ಮರದ ಅಡ್ಡಪಟ್ಟಿಯ ಮೇಲೆ ಒಂದೇ ಒಂದು ಪೀಪಾಯಿ ಮಲಗಿತ್ತು. ಉರುಳದಂತೆ ಮೂರು ಬೆಣೆ ಕೊಟ್ಟಿದ್ದರು. ಮುಖದ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದಿತ್ತು, ಕೆಳಗೆ ‘ಗುರುವಾರ’ ಎಂದು. ಶಾಲೆಯ ಹುಡುಗಿಯ ಕೈಬರಹದಂತೆ ಬಾಲ ಸುತ್ತಿದ ಅಕ್ಷರ.

“ನೆಲಮಾಳಿಗೆ ಎಲ್ಲಾ ನನ್ನ ಹೆಂಡ್ತಿ ಲೆಟ್ಟೀದೇ,” ಎಂದ. “ಮೇಲೆ ಲೋಟ ಹಿಡಿದು ನಗೋದು ನನ್ನ ಕೆಲಸ. ಪೀಪಾಯಿನ ಮಗೂನ ಮಲಗ್ಸಿದ ಹಾಗೆ ಮಲಗಿಸೋಳು. ಮೇಲೆ ತೂತಿಗೆ ಮೆತ್ತನೆ ಬಿದಿರಿನ ಬಿರಡೆ ಹೊಡೆದು, ಉಸಿರು ಬಿಡ್ಲಿ ಅಂತ ಬಿಟ್ಟು, ಕಿವಿ ಹಚ್ಚಿ ಕೇಳೋಳು. ಇನ್ನೂ ಆಗಿಲ್ಲ ಅಂತಲೋ, ನಾಳೆ ಆಗತ್ತೆ ಅಂತಲೋ ಹೇಳೋಳು. ಒಂದು ದಿನಾನೂ ತಪ್ಪಿಲ್ಲ. ಇದನ್ನ ಮಲಗ್ಸಿ, ಬಿರಡೆ ಹೊಡೆದು, ಗುರುವಾರ ಕೊಳಾಯಿ ಹಾಕೋಣ ಅಂತ ಬರೆದು, ಆ ಮೂರನೇ ಮೆಟ್ಟಲ ಮೇಲೆ ಕೂತ್ಲು. ನಾನು ಮೇಲಿಂದ, ಏನೇ ಮಾಡ್ತಿದ್ದೀಯಾ, ಜನ ಕಾಯ್ತಿದ್ದಾರೆ ಅಂತ ಕೂಗ್ದೆ. ಎರಡು ಸಲ ಕೂಗ್ದೆ. ರೇಗಿ ಕೂಗ್ದೆ.”

ಅವನು ಪೀಪಾಯಿಯ ಮೇಲಿನ ತೇವವನ್ನು ಅಂಗೈಯಿಂದ ಒರೆಸಿದ, ಅಕ್ಷರಗಳಿಗೆ ಕೈ ತಾಗದ ಹಾಗೆ. ಪಕ್ಕದ ಗೂಡಿನಲ್ಲಿ ಹಿತ್ತಾಳೆಯ ಕೊಳಾಯಿ, ಮರದ ಕೊಡತಿ ಕಾದು ಕೂತಿದ್ದವು.

“ಎಷ್ಟು ದಿನ ಆಯ್ತು?”

“ಇಪ್ಪತ್ತಮೂರು. ಆ ಗುರುವಾರ ಬಂತು, ಹೋಯ್ತು. ನಾನು ಗಟ್ಟಿ ಬಿರಡೆ ಹಾಕಿ ಮುಚ್ಚಿದೀನಿ.”

“ಹಾಗೇ ಇಟ್ರೆ ಕೆಟ್ಟೋಗತ್ತಲ್ವಾ?”

“ಕೆಡತ್ತೆ. ಇನ್ನೊಂದು ವಾರಕ್ಕೆ ವಿನೆಗರು.”

“ಹಾಗಿದ್ರೆ ಅವರು ಮಾಡಿದ್ದನ್ನ ಯಾರಾದ್ರೂ ಒಬ್ರು ಕುಡೀಲಿ, ಮಿಸ್ಟರ್ ರೆವಿಟ್. ಅದು ಹೆಂಗಿರ್ಬೇಕು ಅಂತ ಗೊತ್ತಿರೋನು ಕುಡೀಲಿ.”

“ಕೊಳಾಯಿ ಹೊಡೆದ್ರೆ ಆಮೇಲೆ ಮೂರೇ ದಿನ. ಮೇಲಿರೋರೆಲ್ಲ ಬರ್ತಾರೆ, ಒಳ್ಳೆ ಮಾತು ಹೇಳ್ತಾರೆ, ಖಾಲಿ ಮಾಡ್ತಾರೆ. ಗಾಡಿಯೋನು ಬಂದು ಉರುಳಿಸ್ಕೊಂಡು ಹೋಗ್ತಾನೆ. ಅಲ್ಲಿಗೆ ಈ ಮನೇಲಿ ಅವಳು ಶುರು ಮಾಡಿ ಬಿಟ್ಟಿದ್ದು ಒಂದೂ ಇರಲ್ಲ.”

ಅದು ನನಗೆ ಅರ್ಥವಾಯಿತು. ಅರ್ಥವಾದದ್ದೇ ಕಷ್ಟವಾಯಿತು. ಆ ತಂಪಿನಲ್ಲಿ ನಿಂತು ಅವನ ಉಸಿರನ್ನು ಕೇಳಿದೆ, ಮೇಲೆ ಡಾಮಿನೋದವರು ಕಾಲು ಸರಿಸುವುದನ್ನು ಕೇಳಿದೆ. ಪೀಪಾಯಿಯಿಂದ ಸದ್ದೇನೂ ಬರಲಿಲ್ಲ. ಸುಮ್ಮನೆ ಹಿಂದಿರುಗುವುದೇ ಸರಿ ಎಂದು ತೋರಿತು. ಆದರೆ ನರ್ಸು ಮೂರು ಗಂಟೆಯವರೆಗೆ ಎಂದಿದ್ದಳು. ಅಣ್ಣ ನನ್ನ ಬಳಿ ಜೀವಮಾನದಲ್ಲಿ ಕೇಳಿದ್ದು ಇದೊಂದೇ, ಅದನ್ನೂ ಕಿಟಕಿಯ ಮುಂದೆ ಕೇಳಿದ್ದ.

ಹೂಜಿಯ ಒದ್ದೆ ಬಟ್ಟೆ ಬಿಚ್ಚಿದೆ. ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದೆ.

“ನಾನು ಯಾರ ಹತ್ರಾನೂ ಬೇಡಿದೋಳಲ್ಲ. ಲೆಟ್ಟಿಯವರನ್ನ ಕಳ್ಕೊಂಡ ಸಂಕಟ ನಿಮ್ಮದು, ಅದರ ಮುಂದೆ ನನ್ನದು ದೊಡ್ಡದು ಅಂತ ಹೇಳ್ತಿಲ್ಲ. ಆದ್ರೂ ಕೇಳ್ತೀನಿ. ನಮ್ಮಣ್ಣನ ತುಟಿ ಒದ್ದೆ ಆಗೋವಷ್ಟು. ಒಂದೇ ಗುಟುಕು ಕೊಡಿ.”

ಹೊರೇಸ್ ಹೂಜಿಯೊಳಗೆ ನೋಡಿದ. ಅವನ ಕೈ ಕೊಡತಿಯ ಕಡೆಗೆ ಹೋಯಿತು, ಅದರ ಹಿಡಿಯ ಮೇಲೆ ನಿಂತಿತು. ಅವನು ಕೊಡತಿಯನ್ನು ತೆಗೆದುಕೊಂಡು ಗೂಡಿನ ಇನ್ನೂ ಒಳಕ್ಕೆ, ಗೋಡೆಗೆ ತಾಗುವವರೆಗೆ ತಳ್ಳಿದ. ಬಂದು ನನಗೂ ಪೀಪಾಯಿಗೂ ನಡುವೆ ನಿಂತ.

“ಇಲ್ಲ,” ಎಂದ. “ಕೊಡಲ್ಲ. ಯಾರಿಗೂ ಕೊಡಲ್ಲ, ಅಕ್ಕಾ. ಮೇಲಕ್ಕೆ ಹೋಗಿ.”